ಪುಸ್ತಕದ ಗಂಟು



ಹಾವೇರಿ ಜಿಲ್ಲೆಯಲ್ಲಿ, ವರದೆಯು ತುಂಗಭದ್ರೆಯನ್ನು ಕೂಡುವಲ್ಲಿ ಗಳಗನಾಥ ಎಂಬ ಊರಿದೆ. 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಈ ಊರಿನ ಹೆಸರಿನಿಂದಲೇ ಕನ್ನಡಿಗರಿಗೆ ಪರಿಚಿತರು. ಶಾಲಾ ಮಾಸ್ತರರಾಗಿದ್ದರು, ಕಾದಂಬರಿಗಳನ್ನು ಬರೆದರು, ‘ಸದ್ಬೋಧ ಚಂದ್ರಿಕೆ’ ಪತ್ರಿಕೆ ನಡೆಸಿದರು. ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಅವರು ಹೊತ್ತ ಪುಸ್ತಕದ ಗಂಟಿನ ಕಡೆಗೆ. ಬರೆದವರೇ ಆ ಗಂಟು ಹೊತ್ತು, ಊರೂರು ತಿರುಗಿ, ಮನೆ ಬಾಗಿಲಲ್ಲಿ ನಿಂತು ಮಾರಿದರು. ಅಕ್ಷರ ಬಲ್ಲವರೇ ವಿರಳವಾಗಿದ್ದ ಕಾಲ ಅದು. ಓದುಗರು ಇಲ್ಲವೆಂದು ಅವರು ಕೈಕಟ್ಟಿ ಕೂರಲಿಲ್ಲ. ಓದುಗರನ್ನು ಹುಡುಕಿಕೊಂಡು ಹೋದರು. ಸಾಹಿತ್ಯ ಸೇವೆ ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ತೋಚುವುದಿಲ್ಲ.

ಈಗ ಪುಸ್ತಕ ಅಷ್ಟು ದೂರವಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ಗ್ರಂಥಾಲಯಗಳಿವೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಟ್ಟಿತು. ಒಳ್ಳೆಯ ಕೆಲಸ. ಆದರೂ ಕಪಾಟು ತುಂಬಿದ ಮಾತ್ರಕ್ಕೆ ಮಗು ಓದುವುದಿಲ್ಲ. ಜೊತೆಗೆ ಕೂತು, ಗಟ್ಟಿಯಾಗಿ ಒಂದು ಕಥೆ ಓದಿ ಹೇಳುವ ಹಿರಿಯರು ಬೇಕು. ಜಗಲಿಯಲ್ಲಿ ಒಬ್ಬರು ಓದಿ, ಊರೇ ಕೂತು ಕೇಳುವ ರೂಢಿ ನಮ್ಮಲ್ಲಿತ್ತಲ್ಲ, ಅದು ಮತ್ತೆ ಬರಬಾರದೇ?

ಈ ವಾರ ನಿಮ್ಮ ಮನೆಯ, ಪಕ್ಕದ ಮನೆಯ ಮಕ್ಕಳನ್ನು ಗ್ರಂಥಾಲಯಕ್ಕೆ ಕರೆದೊಯ್ಯಿರಿ. ಅವರ ಹೆಸರು ಬರೆಸಿ, ನಿಮ್ಮ ಹೆಸರನ್ನೂ ಬರೆಸಿ.