ಮೇ ದಿನದ ರಜೆ ಕೊಟ್ಟವರು ಯಾರು?

(ಹಮಾಲರು ಮತ್ತು ಹೋಟೆಲ್ ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ)



ಹಬ್ಬಗಳೆಲ್ಲ ದೇವರಿಂದ ಬಂದವೆಂದು ನಮ್ಮಲ್ಲಿ ಅನೇಕರ ನಂಬಿಕೆ. ರಜೆಗಳೆಲ್ಲ ಸರ್ಕಾರದಿಂದ ಬಂದವೆಂದು ಉಳಿದವರ ನಂಬಿಕೆ. ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ರಜೆಯ ಪಟ್ಟಿ ಬಂದೊಡನೆ, ಯಾವ ರಜೆ ಭಾನುವಾರಕ್ಕೆ ಬಿದ್ದು ಹಾಳಾಯಿತೆಂದು ಹುಡುಗರೂ ಮೇಷ್ಟರೂ ಕೂಡಿ ನೋಡುವುದೇ ದೊಡ್ಡ ಕೆಲಸವಾಗಿತ್ತು. ಆ ದಿನ ಪಟ್ಟಿಯೊಳಗೆ ಹೇಗೆ ಬಂದಿತೆಂಬುದು ಪಾಠದಲ್ಲಿ ಇರಲಿಲ್ಲ. ಈ ಹೊತ್ತು ಆ ಪಟ್ಟಿಯಿಂದ ಒಂದೇ ದಿನವನ್ನು ಎತ್ತಿಕೊಳ್ಳೋಣ: ಮೇ 1.

ಯೂರೋಪಿನ ಹಳ್ಳಿಗರಿಗೆ ಇದು ಬಹಳ ಹಳೆಯ ಹಬ್ಬ. ಚಳಿ ಕಳೆದು ಗಿಡಮರ ಚಿಗುರುವ ಕಾಲ. ಊರ ನಡುವೆ ಎತ್ತರದ ಕಂಬ ನೆಟ್ಟು, ಹಸಿರು ಕಟ್ಟಿ, ಗಂಡು ಹೆಣ್ಣು ಕೂಡಿ ಕುಣಿಯುತ್ತಿದ್ದರು. 1644ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಇದು ಧರ್ಮಕ್ಕೆ ಹೊರತಾದ ಚಾಳಿಯೆಂದು ಕಂಬಗಳನ್ನು ಕೀಳಿಸಿತು. 1660ರಲ್ಲಿ ದೊರೆ ಮರಳಿದ ಮೇಲೆ ಕಂಬಗಳೂ ಮರಳಿದವು. ನಮ್ಮ ರೈತನೂ ಕಾರಹುಣ್ಣಿಮೆಯ ದಿನ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಮೈ ತೊಳೆದು ಕೋಡಿಗೆ ಬಣ್ಣ ಬಳಿಯುತ್ತಾನೆ. ಎತ್ತಿಗೂ ಇದ್ದ ಈ ಮರ್ಯಾದೆ ಗಿರಣಿಯ ಮನುಷ್ಯನಿಗೆ ಇರಲಿಲ್ಲ.

ಅಮೆರಿಕದಲ್ಲಿ ಆಗ ದಿನಕ್ಕೆ ಹತ್ತು ಗಂಟೆ, ಹನ್ನೆರಡು ಗಂಟೆ ದುಡಿಮೆ ಸಾಮಾನ್ಯ. ದಿನದ 24 ಗಂಟೆಯನ್ನು ಮೂರು ಪಾಲು ಮಾಡಿ, ದುಡಿಮೆಗೆ ಒಂದು ಪಾಲು ಮಾತ್ರ ಕೊಡುತ್ತೇವೆಂದು ಅಲ್ಲಿಯ ಸಂಘಗಳು 1884ರಲ್ಲಿ ನಿರ್ಣಯ ಮಾಡಿ, 1886ರ ಮೇ 1ನ್ನು ಗಡುವಾಗಿ ಇಟ್ಟವು. ಆ ದಿನ ಸುಮಾರು 3 ಲಕ್ಷ ಮಂದಿ ಕೆಲಸ ನಿಲ್ಲಿಸಿದರು. ಮೇ 3ರಂದು ಷಿಕಾಗೋದಲ್ಲಿ, ಪೈರು ಕೊಯ್ಯುವ ಯಂತ್ರ ಮಾಡುವ ಮೆಕಾರ್ಮಿಕ್ ಕಾರ್ಖಾನೆಯ ಬಳಿ ಪೊಲೀಸರು ಗುಂಡು ಹಾರಿಸಿದರು. ಮರುದಿನ ಸಂಜೆ ಹೇಮಾರ್ಕೆಟ್ ಚೌಕದಲ್ಲಿ ಖಂಡನೆಯ ಸಭೆ ಸೇರಿತು. ಮಳೆ ಬರುವಂತಾಗಿ ಜನ ಕರಗುತ್ತಿದ್ದರು, ಸಭೆ ಮುಗಿಯುವುದರಲ್ಲಿತ್ತು. ಆಗ ಪೊಲೀಸರ ದಂಡು ನುಗ್ಗಿತು. ಯಾರೋ ಬಾಂಬು ಎಸೆದರು, ಪೊಲೀಸರು ಗುಂಡು ಸುರಿಸಿದರು. ಏಳು ಮಂದಿ ಪೊಲೀಸರೂ ಹಲವರು ಕೆಲಸಗಾರರೂ ಸತ್ತರು.

ಎಸೆದವನು ಯಾರೆಂದು ಇಂದಿಗೂ ರುಜುವಾತಾಗಿಲ್ಲ. ಆದರೂ ಎಂಟು ಮಂದಿಯನ್ನು ತಪ್ಪಿತಸ್ಥರೆಂದು ತೀರ್ಮಾನಿಸಲಾಯಿತು. ಅವರು ಮಾಡಿದ ಭಾಷಣಗಳೂ ಬರೆದ ಲೇಖನಗಳೂ ಸಾಕ್ಷಿಯಾದವು. ಸ್ಪೈಸ್, ಪಾರ್ಸನ್ಸ್, ಫಿಷರ್, ಎಂಗೆಲ್ ಎಂಬ ನಾಲ್ವರನ್ನು 1887ರ ನವೆಂಬರ್ 11ರಂದು ಗಲ್ಲಿಗೇರಿಸಿದರು. ಲಿಂಗ್ ಎಂಬ ತರುಣ ಅದರ ಹಿಂದಿನ ದಿನವೇ ಸೆರೆಮನೆಯಲ್ಲಿ ಸತ್ತಿದ್ದ. ಸೆರೆಯಲ್ಲಿ ಉಳಿದ ಮೂವರನ್ನು ಗವರ್ನರ್ ಆಲ್ಟ್‌ಗೆಲ್ಡ್ 1893ರಲ್ಲಿ ಬಿಡುಗಡೆ ಮಾಡಿ, ವಿಚಾರಣೆಯೇ ನ್ಯಾಯವಾಗಿರಲಿಲ್ಲವೆಂದು ಬರೆದ. ಮುಂದಿನ ಚುನಾವಣೆಯಲ್ಲಿ ಅವನು ಸೋತ. ಇಂಥ ಗವರ್ನರು ಅಪರೂಪ, ಬಂಧುಗಳೇ. ಅವನ ಹೆಸರನ್ನೂ ನೆನಪಿಡಿ.

1889ರಲ್ಲಿ ಪ್ಯಾರಿಸ್ಸಿನಲ್ಲಿ ನಾನಾ ದೇಶದ ಸಮಾಜವಾದಿಗಳು ಕೂಡಿ, ಎಂಟು ಗಂಟೆಯ ದುಡಿಮೆಗಾಗಿ ಎಲ್ಲ ದೇಶದಲ್ಲೂ ಒಂದೇ ದಿನ ಮೆರವಣಿಗೆ ಹೊರಡಬೇಕೆಂದು ಗೊತ್ತು ಮಾಡಿದರು. 1890ರ ಮೇ 1ಕ್ಕೆ ಮತ್ತೆ ಚಳವಳಿ ಹೂಡಲು ಅಮೆರಿಕದ ಸಂಘಗಳು ಮೊದಲೇ ನಿಶ್ಚಯಿಸಿದ್ದುದರಿಂದ ಅದೇ ದಿನ ನಿಂತಿತು.

ಇನ್ನು ರಜೆ ಕೊಟ್ಟ ದಾನಿಗಳ ಕಥೆ ಕೇಳಿ. ಅಮೆರಿಕದ ಸರ್ಕಾರವೂ ಕಾರ್ಮಿಕರಿಗೆ ರಜೆ ಕೊಟ್ಟಿತು, ಆದರೆ ಮೇ 1ಕ್ಕಲ್ಲ. ಸೆಪ್ಟೆಂಬರಿನ ಮೊದಲ ಸೋಮವಾರಕ್ಕೆ. ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಆ ಕಾಯಿದೆಗೆ ಸಹಿ ಹಾಕಿದ್ದು 1894ರ ಜೂನ್ 28ರಂದು. ಒಂದು ವಾರ ಕಳೆಯುವುದರೊಳಗೆ ರೈಲ್ವೆ ಮುಷ್ಕರ ಮುರಿಯಲು ಅದೇ ಅಧ್ಯಕ್ಷ ಷಿಕಾಗೋಗೆ ಸೈನ್ಯ ಕಳಿಸಿದ. ಜರ್ಮನಿಯಲ್ಲಿ ಇದಕ್ಕಿಂತ ಚುರುಕು. 1933ರಲ್ಲಿ ಹಿಟ್ಲರ್ ಮೇ 1ನ್ನು ಸಂಬಳಸಹಿತ ರಜೆಯೆಂದು ಸಾರಿ ಬರ್ಲಿನ್ನಿನಲ್ಲಿ ಭಾರಿ ಉತ್ಸವ ಮಾಡಿಸಿದ. ಮೇ 2ರ ಬೆಳಿಗ್ಗೆ ದೇಶದ ಸಂಘಗಳ ಕಛೇರಿಗಳನ್ನೆಲ್ಲ ಹಿಡಿಸಿ ಮುಖಂಡರನ್ನು ಸೆರೆಗೆ ಹಾಕಿಸಿದ. ಮಿಠಾಯಿ ಕೊಟ್ಟ ಕೈಯೇ ಕತ್ತು ಹಿಸುಕಿತು.

ನಮ್ಮ ದೇಶದಲ್ಲಿ ಮೊದಲ ಮೇ ದಿನವನ್ನು 1923ರಲ್ಲಿ ಸಿಂಗಾರವೇಲರು ಮದರಾಸಿನ ಕಡಲ ತಡಿಯಲ್ಲಿ ಆಚರಿಸಿದರು. 1934ರ ಕಾಯಿದೆಯಲ್ಲಿ ಕಾರ್ಖಾನೆಗೆ ವಾರಕ್ಕೆ 54 ಗಂಟೆಯ ಮಿತಿ ಇತ್ತು. ಡಾ. ಅಂಬೇಡ್ಕರರು ವೈಸರಾಯರ ಮಂಡಲಿಯಲ್ಲಿ ಕಾರ್ಮಿಕ ಖಾತೆ ನೋಡುತ್ತಿದ್ದಾಗ, 1946ರಲ್ಲಿ ಅದು 48ಕ್ಕೆ ಇಳಿಯಿತು.

ಇಳಿದದ್ದು ಏರುವುದಿಲ್ಲವೆಂದು ಯಾರೂ ಮಲಗಬೇಡಿ. 2023ರ ಫೆಬ್ರವರಿಯಲ್ಲಿ ನಮ್ಮ ವಿಧಾನಮಂಡಲವು ವಾರದ 48 ಗಂಟೆಯ ಮಿತಿ ಉಳಿಸಿ, ದಿನದ ದುಡಿಮೆಯನ್ನು 12 ಗಂಟೆಯವರೆಗೆ ಎಳೆಯಲು ಅವಕಾಶ ಕೊಡುವ ತಿದ್ದುಪಡಿ ಒಪ್ಪಿತು. ಏಪ್ರಿಲಿನಲ್ಲಿ ತಮಿಳುನಾಡಿನಲ್ಲೂ ಅಂಥದೇ ಮಸೂದೆ ಆಯಿತು. ಅಲ್ಲಿ ಸಂಘಗಳೆಲ್ಲ, ಆಳುವ ಪಕ್ಷದ ಜೊತೆಗಾರರೂ ಸೇರಿ ಎದ್ದು ನಿಂತರು. ಮುಖ್ಯಮಂತ್ರಿಗಳು ಅದೇ ವರುಷ ಮೇ 1ರಂದೇ ಅದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇವೆಂದು ಸಾರಿದರು. ಇಲ್ಲಿ ಏಳುವವರು ಕಡಿಮೆಯಾದರು, ತಿದ್ದುಪಡಿ ನಿಂತಿತು.

ಇನ್ನು ನಮ್ಮ ಊರಿನ ಮಾತು. ಮೇ ದಿನ ಕಛೇರಿಗಳಿಗೆ ಬೀಗ. ಹೋಟೆಲಿನಲ್ಲಿ ಮಾತ್ರ ದುಪ್ಪಟ್ಟು ಗಿರಾಕಿ. ಮಾಣಿ ಬೆಳಗಿನ ಐದಕ್ಕೆ ನಿಂತವನು ರಾತ್ರಿ ಹತ್ತಕ್ಕೆ ಕೂರುತ್ತಾನೆ. ಮನೆಯಲ್ಲಿ ಬೀಡಿ ಕಟ್ಟುವ ತಾಯಂದಿರಿಗೆ ಎಲೆ ಮುಗಿದರೇ ರಜೆ. ನಮ್ಮ ರಾಜ್ಯದ 1963ರ ರಜೆಗಳ ಕಾಯಿದೆಯಲ್ಲಿ ಮೇ 1 ಸಂಬಳಸಹಿತ ರಜೆ. ಆ ದಿನ ದುಡಿಸಿಕೊಂಡರೆ ಎರಡರಷ್ಟು ಸಂಬಳ ಕೊಡಬೇಕು, ಇಲ್ಲವೇ ಆ ದಿನದ ಸಂಬಳದೊಡನೆ ಬದಲಿಗೆ ಇನ್ನೊಂದು ದಿನ ಸಂಬಳದ ರಜೆ ಕೊಡಬೇಕು. ಸಾಹುಕಾರರು ಇದನ್ನು ತಾವಾಗಿ ಹೇಳುವುದಿಲ್ಲ, ನಾವು ಕೇಳಬೇಕು. ಒಬ್ಬನೇ ಕೇಳಿದರೆ ಮರುದಿನ ಕೆಲಸವಿರುವುದಿಲ್ಲ. ಆದುದರಿಂದ ಒಬ್ಬೊಬ್ಬರೇ ಕೇಳಬೇಡಿ. ಈ ಮೇ 1ರಂದು ದುಡಿದವರು ಹೊಕ್ಕ ಹೊತ್ತು, ಬಿಟ್ಟ ಹೊತ್ತು, ಕೈಗೆ ಬಂದ ಹಣ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ. ಬರೆಯಲು ಬಾರದವರು ಬಂದು ಬಾಯಲ್ಲಿ ಹೇಳಿ, ನಾವು ಬರೆದುಕೊಳ್ಳುತ್ತೇವೆ. ಶನಿವಾರ ರಾತ್ರಿ ಹೋಟೆಲುಗಳು ಮುಚ್ಚಿದ ಮೇಲೆ ಸಂಘದ ಕಛೇರಿಯಲ್ಲಿ ದೀಪ ಉರಿಯುತ್ತಿರುತ್ತದೆ.