ಗೆಳತಿಯ ಗಂಡ ಹಾಸಿಗೆ ಹಿಡಿದಾಗ ನಾವೇನು ಮಾಡಬೇಕು?

(ಘಾಟಬೋರಾಳದ ಸ್ವಸಹಾಯ ಸಂಘಗಳ ಮಹಿಳೆಯರ ಸಭೆಯಲ್ಲಿ ಆಡಿದ ಮಾತುಗಳು)



ನಮ್ಮ ಹುಮನಾಬಾದ, ಬಸವಕಲ್ಯಾಣ ಕಡೆಯಿಂದ ದುಡಿಯಲಿಕ್ಕೆ ಹೈದರಾಬಾದ, ಪುಣೆ, ಮುಂಬೈಗೆ ಹೋಗುವವರು ಬಹಳ. ಕಟ್ಟಡದ ಮೇಲಿಂದ ಬಿದ್ದು, ಇಲ್ಲವೇ ಹೈವೇ ಮೇಲೆ ಅಪಘಾತವಾಗಿ ಬೆನ್ನುಹುರಿಗೆ ಜೋರು ಪೆಟ್ಟು ಬಿದ್ದರೆ ಸೊಂಟದ ಕೆಳಗೆ ಸ್ವಾಧೀನ ಹೋಗುತ್ತದೆ. ಹುರಿ ಪೂರ್ತಿ ಕೆಟ್ಟರೆ ಅದನ್ನು ಸರಿಮಾಡುವ ಔಷಧ ಇಂದಿಗೂ ಇಲ್ಲ.

ಮೊದಲ ತಿಂಗಳು ಮನೆ ತುಂಬ ಮಂದಿ. ಆರು ತಿಂಗಳಾದ ಮೇಲೆ ಯಾರೂ ಬರೋದಿಲ್ಲ. ಆಕೆಯ ನಿಜವಾದ ಕಷ್ಟ ಅಲ್ಲಿಂದ ಶುರು. ಗಂಡ ಎದುರಿಗೇ ಇದ್ದಾನೆ, ಆದರೆ ಮೊದಲಿನ ಸಂಸಾರ ಇಲ್ಲ. ಸಾವಾದ ಮನೆಯಲ್ಲಿ ಅಳಲಿಕ್ಕೆ ದಿನ ಇರುತ್ತವೆ, ಈಕೆಗೆ ಅದೂ ಇಲ್ಲ. ಸಿಟ್ಟು ಬಂದರೆ ತಾನೇ ಕೆಟ್ಟವಳು ಅಂದುಕೊಳ್ಳುತ್ತಾಳೆ. ಒಂದು ಹೊಸ ಸೀರೆ ಉಟ್ಟರೆ ಓಣಿಯಲ್ಲಿ ಮಾತು. ಆ ಮಾತು ನಮ್ಮ ಬಾಯಿಂದ ಬರಬಾರದು. ಬೇರೆಯವರು ಆಡಿದರೆ ತಡೆಯಬೇಕು.

"ನಿನ್ನ ಹಣೆಬರಹ", "ಆ ಔಷಧ ಕೊಡ್ಸು, ಎದ್ದು ನಡೀತಾನ" ಅನ್ನಬೇಡಿ. ಸುಳ್ಳು ಔಷಧದ ಆಸೆಗೆ ಹೊಲ, ಬಂಗಾರ ಎಲ್ಲಾ ಹೋಗುತ್ತದೆ. "ಏನರ ಬೇಕಾದ್ರ ಹೇಳು" ಅಂದರೂ ಆಕೆ ಕೇಳೋದಿಲ್ಲ. "ಬುಧವಾರ ನಾ ಬಂದು ಕೂಡ್ತೀನಿ, ನೀ ಎರಡು ತಾಸು ಮಲಕೋ" ಅನ್ನಿ, ಅಂದಂತೆ ಹೋಗಿ.

ಹೋದಾಗ ಗಮನಿಸಬೇಕಾದ್ದು:

1. ಮಲಗಿದವರನ್ನು ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು. ಸೊಂಟ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿದೆಯೋ ಕಪ್ಪಾಗಿದೆಯೋ ದಿನಾ ನೋಡಬೇಕು. ಹಾಸಿಗೆ ಹುಣ್ಣು ಅಲ್ಲಿಂದಲೇ ಶುರು, ಬೆಳೆದರೆ ಜೀವಕ್ಕೆ ಅಪಾಯ.

2. ಕಾಲಿಗೆ ಬಿಸಿ ಶಾಖ ಕೊಡಬೇಡಿ. ಸ್ಪರ್ಶ ತಿಳಿಯೋದಿಲ್ಲ, ಚರ್ಮ ಸುಟ್ಟರೂ ಗೊತ್ತಾಗೋದಿಲ್ಲ.

3. ಮೂತ್ರ ಕದಡಿ ವಾಸನೆ ಬಂದು, ಜ್ವರ ಬಂದರೆ ತಡ ಮಾಡದೆ ಆಸ್ಪತ್ರೆಗೆ ಒಯ್ಯಿರಿ.

4. ಆತನ ಜೊತೆಗೂ ಮಾತಾಡಿ. ಆತನ ಎದುರಿಗೇ "ಪಾಪ" ಅನ್ನಬೇಡಿ. ಕೈ, ಬುದ್ಧಿ ಗಟ್ಟಿ ಇದ್ದವರು ಕೂತು ಲೆಕ್ಕ ಬರೆಯಬಹುದು, ಹೊಲಿಗೆ ಮಾಡಬಹುದು, ಅಂಗಡಿ ನೋಡಬಹುದು. ಪೋಲಿಯೊ ಪೀಡಿತರಾಗಿದ್ದ ಎನ್.ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಅಂಗವಿಕಲರ ಸಂಸ್ಥೆ ಕಟ್ಟಿದರು. ಎ.ಪಿ.ಡಿ. ಎಂಬ ಆ ಸಂಸ್ಥೆ ಬೆನ್ನುಹುರಿ ಪೆಟ್ಟಾದವರಿಗೂ ತರಬೇತಿ ಕೊಡುತ್ತ ಬಂದಿದೆ.

ಇನ್ನು ಕಾಗದಪತ್ರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವಿಕಲತೆ ಸೇರಿವೆ. ಶೇ. 40 ಅಥವಾ ಹೆಚ್ಚು ಇದ್ದರೆ ಸೌಲಭ್ಯಕ್ಕೆ ದಾರಿ. ಮೊದಲು ಯು.ಡಿ.ಐ.ಡಿ. ಕಾರ್ಡ್ ಆಗಬೇಕು. ಅದಕ್ಕೆ ಆಧಾರ್, ಫೋಟೋ, ಆಸ್ಪತ್ರೆಯ ಕಾಗದ ಜೋಡಿಸಿಡಿ. ಮಾಸಾಶನದ ಅರ್ಜಿ ನಾಡಕಚೇರಿಯಲ್ಲಿ. ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಗಂಡನನ್ನು ಬಿಟ್ಟು ಆಕೆ ಎಷ್ಟು ಸಲ ಕಚೇರಿಗೆ ಅಲೆದಾಳು? ಸಂಘದಿಂದ ಒಬ್ಬರು ಆಕೆಯ ಜೊತೆ ಹೋಗಲಿ, ಇನ್ನೊಬ್ಬರು ಮನೆಯಲ್ಲಿ ಕೂಡಲಿ.

ಸಂಘದ ಸಾಲದ ಕಂತು ತಪ್ಪಿದರೆ ಸಭೆಯಲ್ಲಿ ಹೆಸರು ಕೂಗಬೇಡಿ. ಎಲ್ಲರೂ ಕೂತು ಕಂತನ್ನು ಸಣ್ಣದು ಮಾಡಿ, ಅವಧಿ ಹೆಚ್ಚಿಸಿ, ಠರಾವು ಬರೆಯಿರಿ. ಆಕೆ ಸಭೆಗೆ ಬರಲಾಗದಿದ್ದರೆ ಸಭೆಯನ್ನೇ ಆಕೆಯ ಅಂಗಳದಲ್ಲಿ ಮಾಡಿ. ಸದಸ್ಯತ್ವ ಮಾತ್ರ ತೆಗೆಯಬೇಡಿ.

ಕೊನೆಯದಾಗಿ, ಎಲ್ಲರೂ ಕೇಳೋದು "ನಿಮ್ಮವರು ಹ್ಯಾಂಗದಾರ?" ಅಂತ. ನೀವು "ನೀ ಹ್ಯಾಂಗದಿ?" ಅಂತ ಕೇಳಿ, ಕೇಳಿ ಸುಮ್ಮನೆ ಕೂಡಿ. "ಸಾಯಬೇಕು ಅನಿಸ್ತದ" ಅಂದರೆ ಹಗುರವಾಗಿ ತಗೋಬೇಡಿ. ಒಬ್ಬಳನ್ನೇ ಬಿಡಬೇಡಿ, ಆಸ್ಪತ್ರೆಗೆ ಕರಕೊಂಡು ಹೋಗಿ. 14416 ಟೆಲಿ-ಮಾನಸ್ ನಂಬರಿಗೆ ಹಗಲು-ರಾತ್ರಿ ಪುಕ್ಕಟೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಮುಂದಿನ ಸಭೆಯಲ್ಲಿ ಉಳಿತಾಯ ಬರೆಯುವ ಮೊದಲು ಒಂದು ಮಾತು ಕೇಳಿಕೊಳ್ಳಿ: ನಮ್ಮ ಓಣಿಯಲ್ಲಿ ಇಂಥ ಮನೆ ಯಾವುದು, ಈ ವಾರ ಅಲ್ಲಿಗೆ ಹೋಗುವವರು ಯಾರು? ಹೆಸರು, ವಾರ ಎರಡೂ ಬರೆದಿಡಿ.