ಬೀರುವಿನೊಳಗಿನ ಮೂರು ಕ್ಯಾಮೆರಾಗಳು

ಬಳ್ಳಾರಿಯ ಪಾರ್ವತಿನಗರದಲ್ಲಿರುವ ನಮ್ಮ ಮನೆಯ ಮಹಡಿಯ ಮೇಲಿನ ಈ ಚಿಕ್ಕ ಕೋಣೆಯಿಂದ ಮಾತನಾಡುತ್ತಿದ್ದೇನೆ. ಒಂದು ಕಾಲದಲ್ಲಿ ಇದರ ಕಿಟಕಿಗೆ ಎರಡು ಮಡಿಕೆ ಕರಿಯ ಬಟ್ಟೆಯನ್ನು ಹೊಡೆದು, ಗೋಡೆಗೆ ಕೆಂಪು ಬಲ್ಬನ್ನು ತೂಗುಹಾಕಿ, ಬಾಗಿಲ ಸಂದಿಗೆ ಹಳೆಯ ಜಮಖಾನೆಯನ್ನು ಒತ್ತಿ, ಇದನ್ನೇ ನಾನು ಕತ್ತಲಕೋಣೆಯನ್ನಾಗಿ ಮಾಡಿಕೊಂಡಿದ್ದೆನು; ಇಂದು ಅದೇ ಮೂಲೆಯಲ್ಲಿ ಕಂಪ್ಯೂಟರು ಕುಳಿತಿದೆ, ಮತ್ತು ನನ್ನ ಚಿತ್ರಗಳೆಲ್ಲವೂ ಹಲವು ವರ್ಷಗಳಿಂದ ಡಿಜಿಟಲ್ ಕ್ಯಾಮೆರಾದಿಂದಲೇ ಹುಟ್ಟುತ್ತಿವೆ. ಮೊನ್ನೆ ಬೀರುವನ್ನು ಖಾಲಿ ಮಾಡುತ್ತಿದ್ದ ನನ್ನ ಮಗನು, ನೀವೀಗ ಈ ಮೇಜಿನ ಮೇಲೆ ನೋಡುತ್ತಿರುವ ಮೂರು ಕ್ಯಾಮೆರಾಗಳನ್ನು ಹೊರಗೆ ತೆಗೆದಿಟ್ಟು, “ಅಪ್ಪಾ, ಹತ್ತು ವರ್ಷ ಆತು, ಇವನ್ನ ಯಾರೂ ಮುಟ್ಟಿಲ್ಲ. ಇಟ್ಕೊಳ್ಳೋದೋ, ಯಾರಿಗಾರ ಕೊಡೋದೋ, ಹೇಳ್ರಿ” ಎಂದನು. ಆ ಕ್ಷಣದಲ್ಲಿ ನನಗೆ ಉತ್ತರ ಹೊಳೆಯಲಿಲ್ಲ. ಇಂತಹ ಪ್ರಶ್ನೆ ನಿಮ್ಮ ಮನೆಗಳಲ್ಲಿಯೂ ಎದ್ದಿರಬಹುದೆಂದು ಭಾವಿಸಿ, ನಾನು ಆ ಉತ್ತರವನ್ನು ಹುಡುಕಿಕೊಂಡ ಬಗೆಯನ್ನು ನಿಮ್ಮ ಮುಂದಿಡುತ್ತೇನೆ.

ಮೊದಲಿಗೆ ಒಂದು ಭ್ರಮೆಯನ್ನು ದೂರಮಾಡಬೇಕು. ರೀಲು ಸತ್ತುಹೋಗಿದೆ, ಆದ್ದರಿಂದ ರೀಲಿನ ಕ್ಯಾಮೆರಾ ಗುಜರಿಗೆ ಸಮಾನ ಎಂಬ ಮಾತು ನಿಜವಲ್ಲ. ಕೊಡಕ್ ಸಂಸ್ಥೆಯಲ್ಲಿಯೇ 1975ರಲ್ಲಿ ಸ್ಟೀವನ್ ಸ್ಯಾಸನ್ ಎಂಬ ತರುಣ ಎಂಜಿನಿಯರನು, ಒಂದು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಇಳಿಸಲು 23 ಸೆಕೆಂಡು ತೆಗೆದುಕೊಳ್ಳುತ್ತಿದ್ದ ಮೊದಲ ಡಿಜಿಟಲ್ ಕ್ಯಾಮೆರಾವನ್ನು ನಿರ್ಮಿಸಿದನೆಂಬುದೂ, ಅದೇ ಕೊಡಕ್ 2012ರಲ್ಲಿ ದಿವಾಳಿಯ ಅರ್ಜಿ ಹಾಕಬೇಕಾಯಿತೆಂಬುದೂ ಸತ್ಯವೇ. ನಮ್ಮ ದೇಶದಲ್ಲಿ ‘ಇಂದು’ ಎಂಬ ಹೆಸರಿನ ಫಿಲ್ಮನ್ನು ತಯಾರಿಸುತ್ತಿದ್ದ, 1960ರಲ್ಲಿ ಸ್ಥಾಪಿತವಾದ ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಮುಚ್ಚಿಹೋದುದೂ ಸತ್ಯವೇ. ಆದಾಗ್ಯೂ 35 ಮಿಲಿಮೀಟರಿನ ರೀಲೂ, ಅಗಲವಾದ 120ರ ರೀಲೂ ಇಂದಿಗೂ ಹೊಸದಾಗಿ ತಯಾರಾಗುತ್ತಿವೆ. ಬೆಲೆ ಹೆಚ್ಚಾಗಿದೆ, ಊರಿನ ಸ್ಟುಡಿಯೋದಲ್ಲಿ ತೊಳೆಸುವ ಸೌಕರ್ಯ ಇಲ್ಲವಾಗಿ ಬೆಂಗಳೂರಿಗೆ ಕೊರಿಯರ್ ಮಾಡಬೇಕಾಗಿದೆ, ಆದರೆ ಮಾರ್ಗವಿದೆ. ಹಾಗಾಗಿ ನಾವು ಕೇಳಬೇಕಾದುದು ಕಾಲ ಏನನ್ನು ಕೈಬಿಟ್ಟಿತು ಎಂಬುದನ್ನಲ್ಲ, ಈ ಯಂತ್ರವನ್ನು ನಾನು ನಡೆಸುವೆನೆ ಎಂಬುದನ್ನು.

ಯಂತ್ರವೆಂಬ ಮಾತನ್ನು ಬೇಕೆಂದೇ ಬಳಸಿದೆನು. ಬೀರುವಿನಲ್ಲಿಟ್ಟ ಒಡವೆ ಇಟ್ಟಂತೆಯೇ ಇರುತ್ತದೆ. ಬೀರುವಿನಲ್ಲಿಟ್ಟ ಕ್ಯಾಮೆರಾ ಹಾಗಿರುವುದಿಲ್ಲ. ಒಳಗಿನ ಸೂಕ್ಷ್ಮವಾದ ಎಣ್ಣೆ ಗಟ್ಟಿಯಾಗಿ ಶಟರ್ ತಡವರಿಸುತ್ತದೆ. ಹಿಂಬಾಗಿಲಿನ ಅಂಚಿಗೆ ಬೆಳಕು ನುಸುಳದಂತೆ ಅಂಟಿಸಿರುವ ಕಪ್ಪು ಸ್ಪಂಜಿನ ಪಟ್ಟಿಯು ಕರಗಿ ಡಾಂಬರಿನಂತೆ ಜಿಗುಟಾಗುತ್ತದೆ. ಮರೆತು ಒಳಗೇ ಬಿಟ್ಟ ಸೆಲ್ಲು ಸೋರಿ ತಂತಿಗಳನ್ನು ತಿನ್ನುತ್ತದೆ. ಕರಾವಳಿಯವರನ್ನೂ ಮಲೆನಾಡಿನವರನ್ನೂ ಕಾಡುವ ಲೆನ್ಸಿನ ಫಂಗಸ್ಸು ನಮ್ಮ ಒಣಹವೆಯಲ್ಲಿ ಅಷ್ಟಾಗಿ ಬೆಳೆಯದೆಂಬುದು ಬಳ್ಳಾರಿಯವರ ಭಾಗ್ಯ. ಆದರೆ 40 ಡಿಗ್ರಿಯನ್ನು ಮೀರುವ ಬಿಸಿಲೂ, ಅದಿರಿನ ಲಾರಿಗಳು ಎಬ್ಬಿಸಿದ ಕೆಂಧೂಳೂ ಆ ಭಾಗ್ಯವನ್ನು ಸರಿತೂಗಿಸಿಬಿಡುತ್ತವೆ. ಚರ್ಮದ ಕೇಸು ಕ್ಯಾಮೆರಾಕ್ಕೆ ರಕ್ಷೆಯೆಂದು ನಾವು ನಂಬಿದ್ದೆವಷ್ಟೆ; ಮಳೆಗಾಲದ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುವುದೂ ಅದೇ ಚರ್ಮವೇ.

ಈಗ ಪರೀಕ್ಷೆಯ ಕ್ರಮವನ್ನು ನೋಡಿರಿ. ಇದು ನೈಕಾನ್ ಎಫ್‌ಎಂ2. 1982ರಲ್ಲಿ ಮೊದಲು ಬಂದ ಮಾದರಿ. ಹಿಂಬಾಗಿಲನ್ನು ತೆರೆದಿದ್ದೇನೆ. ಶಟರಿನ ವೇಗವನ್ನು 1 ಸೆಕೆಂಡಿಗೆ ತಂದು, ಸನ್ನೆಯನ್ನು ಎಳೆದು, ಒತ್ತುತ್ತೇನೆ: ಕೇಳಿಸಿತೆ? ಆ ಶಬ್ದವು ಮಧ್ಯದಲ್ಲಿ ಕುಂಟದೆ ಕೊನೆಮುಟ್ಟಬೇಕು. ಇನ್ನು ‘ಬಿ’ ಎಂಬ ಅಕ್ಷರಕ್ಕೆ ತಿರುಗಿಸಿ, ಗುಂಡಿಯನ್ನು ಒತ್ತಿಹಿಡಿದು, ಲೆನ್ಸನ್ನು ಕಿಟಕಿಯ ಬೆಳಕಿಗೆ ಎದುರಾಗಿ ಹಿಡಿದು ಹಿಂದಿನಿಂದ ನೋಡುತ್ತೇನೆ. ಜೇಡರಬಲೆಯಂತಹ ಎಳೆಗಳು ಗಾಜಿನೊಳಗೆ ಕಾಣದಿದ್ದರೆ ಲೆನ್ಸು ಆರೋಗ್ಯವಾಗಿದೆ. ಇದರ ಶಟರ್ ನಡೆಯಲು ಸೆಲ್ಲು ಬೇಡ; ಬೆಳಕನ್ನು ಅಳೆಯಲು ಮಾತ್ರ ಬೇಕು.

ಎರಡನೆಯದು ಯಾಶಿಕಾ ಎಲೆಕ್ಟ್ರೋ 35. ಗುಂಡಿಯನ್ನು ಅರ್ಧ ಒತ್ತಿದಾಗ ಕೆಂಪು ಹಳದಿ ದೀಪಗಳು ಹೊತ್ತಿ ಬೆಳಕು ಹೆಚ್ಚೋ ಕಡಮೆಯೋ ಎಂದು ತಿಳಿಸುತ್ತಿದ್ದ ಈ ಕ್ಯಾಮೆರಾವು ನನ್ನ ಮೊದಲ ಸಂಬಳಗಳ ಉಳಿತಾಯದ ಫಲ. ಇದರ 5.6 ವೋಲ್ಟಿನ ಪಾದರಸದ ಸೆಲ್ಲು ಈಗ ತಯಾರಾಗುವುದಿಲ್ಲ. ಬೇರೆ ಸೆಲ್ಲನ್ನು ಹೊಂದಿಸಬಹುದಾದರೂ, ಒಳಗಿನ ಒಂದು ಚಿಕ್ಕ ರಬ್ಬರ್ ತುಣುಕು ಪುಡಿಯಾದುದರಿಂದ ಶಟರಿಗೂ ಸರ್ಕ್ಯೂಟಿಗೂ ಇದ್ದ ಸಂಬಂಧವೇ ಕಡಿದುಹೋಗಿದೆ. ರೀಲನ್ನು ಎಳೆದಾಗ ಕೇಳಿಬರುತ್ತಿದ್ದ ಆ ‘ಠಕ್’ ಎಂಬ ಸದ್ದು ಈಗ ಇಲ್ಲ. ಮೂರನೆಯದು ನನ್ನ ತಂದೆಯವರ ಆಗ್ಫಾ ಕ್ಲಿಕ್ III. ವಡೋದರಾದ ನ್ಯೂ ಇಂಡಿಯಾ ಇಂಡಸ್ಟ್ರೀಸಿನವರು ತಯಾರಿಸಿ, ಮಧ್ಯಮವರ್ಗದ ಅಸಂಖ್ಯಾತ ಮನೆಗಳಿಗೆ ಛಾಯಾಗ್ರಹಣವನ್ನು ತಂದುಕೊಟ್ಟ ಸರಳ ಪೆಟ್ಟಿಗೆ. ಬಿಸಿಲಿಗೊಂದು ಚಿಹ್ನೆ, ಮೋಡಕ್ಕೊಂದು ಚಿಹ್ನೆ. ಹಿಂದೆ ಕೆಂಪು ಕಿಟಕಿ, ಅದರಲ್ಲಿ ಒಂದೊಂದಾಗಿ ಮೂಡುವ ಅಂಕಿ. ಒಂದು ರೀಲಿಗೆ ಹನ್ನೆರಡು ಚೌಕ ಚಿತ್ರಗಳು. ಸಿರುಗುಪ್ಪದಲ್ಲಿ ಉಪಾಧ್ಯಾಯರಾಗಿದ್ದ ತಂದೆಯವರು ಆ ಹನ್ನೆರಡರಲ್ಲಿ ಒಂದನ್ನು ಕುರುಗೋಡಿನ ದೊಡ್ಡಬಸವೇಶ್ವರನ ತೇರಿಗೆಂದು ತಪ್ಪದೆ ಮೀಸಲಿಡುತ್ತಿದ್ದರು.

ಇವುಗಳನ್ನು ಪರೀಕ್ಷಿಸುತ್ತ ಕುಳಿತವನಿಗೆ ಅಟ್ಟದಿಂದ ಇಳಿಸಿದ್ದ ಬಿಸ್ಕತ್ತಿನ ಡಬ್ಬಿಯು ಕೈಗೆ ಬಂದಿತು. ಮುಚ್ಚಳವನ್ನು ತೆಗೆದೊಡನೆ ಹುಳಿಹುಳಿಯಾದ ವಿನೆಗರಿನ ವಾಸನೆ ಮೂಗಿಗೆ ಬಡಿಯಿತು. ಒಳಗೆ ನಮ್ಮ ಮನೆಯ ನಾಲ್ವತ್ತು ವರ್ಷಗಳ ನೆಗೆಟಿವ್‌ಗಳು. ಫಿಲ್ಮಿನ ಆಧಾರವಾದ ಅಸಿಟೇಟ್ ಎಂಬ ವಸ್ತುವು ಶಾಖದಿಂದಲೂ ತೇವದಿಂದಲೂ ಒಡೆಯಲಾರಂಭಿಸಿದಾಗ ಹೊರಡುವ ಆಮ್ಲದ ವಾಸನೆ ಅದು. ಒಮ್ಮೆ ಆರಂಭವಾದರೆ ತಡೆದು ನಿಧಾನಗೊಳಿಸಬಹುದಲ್ಲದೆ ಹಿಂದಿರುಗಿಸಲಾಗದು. ನನ್ನ ತಂಗಿಯ ಮದುವೆಯ ನೆಗೆಟಿವ್‌ಗಳು ಅಗ್ಗದ ಪ್ಲಾಸ್ಟಿಕ್ ಚೀಲಕ್ಕೆ ಅಂಟಿಕೊಂಡು, ಬಿಡಿಸಹೋದರೆ ಮುಖಗಳೇ ಕಿತ್ತುಬರುತ್ತಿದ್ದವು. ಕ್ಯಾಮೆರಾಗಳನ್ನು ಮಖಮಲ್ಲಿನ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ನಾನು ಇವುಗಳನ್ನು ವರುಷಗಟ್ಟಲೆ ಕಾದ ಅಟ್ಟದ ಮೇಲೆ ಎಸೆದಿದ್ದೆನು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮಗನು ಕೇಳಿದ ಪ್ರಶ್ನೆಗೆ ಮುಂಚಿತವಾಗಿ ನಾನು ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ ಆ ಡಬ್ಬಿಯಲ್ಲಿತ್ತು.

ಕ್ಯಾಮೆರಾಕ್ಕಿಂತ ನೆಗೆಟಿವ್ ಮುಖ್ಯವೆಂಬುದಕ್ಕೆ ನಮ್ಮ ಸೀಮೆಯಲ್ಲಿಯೇ ಒಂದು ಮಹತ್ತಾದ ದೃಷ್ಟಾಂತವಿದೆ. 1856ರಲ್ಲಿ, ಹಂಪೆಯು ಇನ್ನೂ ಮುಳ್ಳುಕಂಟಿಗಳಲ್ಲಿ ಹುದುಗಿದ್ದ ಕಾಲದಲ್ಲಿ, ಮದ್ರಾಸ್ ಸೈನ್ಯದ ಅಧಿಕಾರಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬಾತನು ದೊಡ್ಡ ಕ್ಯಾಮೆರಾದೊಡನೆ ಅಲ್ಲಿ ಅಲೆದು, ಗಾಜಿನ ಮೇಲಲ್ಲ, ಮೇಣ ಸವರಿದ ಕಾಗದದ ಮೇಲೆ ನೆಗೆಟಿವ್‌ಗಳನ್ನು ತೆಗೆದನು. ಕಾಗದವೇ ಏಕೆಂದರೆ, ಗಾಜಿನ ಫಲಕಕ್ಕೆ ಲೇಪಿಸಿದ ರಾಸಾಯನಿಕವು ಒಣಗುವುದರೊಳಗಾಗಿ ಚಿತ್ರವನ್ನು ತೆಗೆದು ತೊಳೆದೂ ಮುಗಿಸಬೇಕಾಗಿದ್ದಿತು. ತುಂಗಭದ್ರೆಯ ದಂಡೆಯ ಬಿಸಿಲಿನಲ್ಲಿ ಅದು ಎಂತಹ ಸಾಹಸವಾದೀತೆಂಬುದನ್ನು, ಕಪ್ಪುಬಿಳುಪು ರೀಲಿಗೆ ಬೇಕಾದ 20 ಡಿಗ್ರಿಯ ನೀರಿಗಾಗಿ ಏಪ್ರಿಲ್ ತಿಂಗಳಿನಲ್ಲಿ ಇದೇ ಕೋಣೆಯೊಳಗೆ ಮಣ್ಣಿನ ಗಡಿಗೆಯ ನೀರಿಗೆ ಮಂಜುಗಡ್ಡೆಯನ್ನು ಬೆರೆಸುತ್ತಿದ್ದ ನಾನು ಚೆನ್ನಾಗಿ ಊಹಿಸಬಲ್ಲೆನು. ಮೇಣದ ಕಾಗದವನ್ನಾದರೋ ಮುಂಚೆಯೇ ಸಿದ್ಧಪಡಿಸಿ ಒಯ್ಯಬಹುದಾಗಿದ್ದಿತು. ಗ್ರೀನ್‌ಲಾನ ನೆಗೆಟಿವ್‌ಗಳಲ್ಲಿ ಬಹಳಷ್ಟು ಉಳಿದುಬಂದವು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಎಂಬ ಛಾಯಾಗ್ರಾಹಕನು ಅವೇ ಸ್ಥಳಗಳಲ್ಲಿ ನಿಂತು ಅವೇ ದೃಶ್ಯಗಳನ್ನು ಪುನಃ ಚಿತ್ರಿಸಿದಾಗ ಎರಡು ಕಾಲಗಳು ಅಕ್ಕಪಕ್ಕದಲ್ಲಿ ನಿಂತವು. ಇಂದು ನಮ್ಮ ನೋಟುಗಳ ಮೇಲೆಯೂ ಮುದ್ರಿತವಾಗಿರುವ ವಿಠ್ಠಲ ದೇವಾಲಯದ ಕಲ್ಲಿನ ರಥಕ್ಕೆ ಒಂದಾನೊಂದು ಕಾಲದಲ್ಲಿ ಇಟ್ಟಿಗೆಯ ಶಿಖರವಿದ್ದಿತೆಂಬುದನ್ನು ನಾವು ಕಣ್ಣಾರೆ ಕಾಣುವುದು ಆ ಕಾಗದದ ದೆಸೆಯಿಂದ. ಗ್ರೀನ್‌ಲಾನ ಕ್ಯಾಮೆರಾ ಎಲ್ಲಿದೆಯೆಂದು ಯಾರಾದರೂ ಕೇಳುವುದನ್ನು ನಾನು ಕೇಳಿಲ್ಲ.

ಆದುದರಿಂದ ನೆಗೆಟಿವ್‌ನ ವಿಷಯದಲ್ಲಿ ಇಡುವುದೋ ಕೊಡುವುದೋ ಎಂಬ ಚರ್ಚೆಗೇ ಅವಕಾಶವಿಲ್ಲ, ಇಡಬೇಕು. ಪ್ಲಾಸ್ಟಿಕ್ಕನ್ನು ಬಿಟ್ಟು ಆಮ್ಲವಿಲ್ಲದ ಕಾಗದದ ಲಕೋಟೆಗಳಲ್ಲಿ, ಅಟ್ಟವನ್ನು ಬಿಟ್ಟು ಮನೆಯ ಅತ್ಯಂತ ತಂಪಾದ ಒಳಗೋಡೆಯ ಕಪಾಟಿನಲ್ಲಿ, ಹುಳಿವಾಸನೆ ಹಿಡಿದವುಗಳನ್ನು ಉಳಿದವುಗಳಿಂದ ಬೇರ್ಪಡಿಸಿ ಇಡಬೇಕು. ಬಣ್ಣದವುಗಳ ವರ್ಣಗಳು ಕಪ್ಪುಬಿಳುಪಿನ ಬೆಳ್ಳಿಗಿಂತ ಬೇಗ ಮಾಸುವುದರಿಂದ ಅವುಗಳನ್ನೇ ಮೊದಲು ಸ್ಕ್ಯಾನ್ ಮಾಡಬೇಕು. ಸ್ಕ್ಯಾನರ್ ಇಲ್ಲದಿದ್ದರೆ, ಸಮನಾದ ಬೆಳಕಿನ ಹಲಗೆಯ ಮೇಲೆ ನೆಗೆಟಿವ್ ಇಟ್ಟು ಈ ಡಿಜಿಟಲ್ ಕ್ಯಾಮೆರಾದಿಂದಲೇ ಅದರ ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ವರ್ಣವನ್ನು ತಿರುವಿಕೊಳ್ಳಬಹುದು. ನಾನು ಈಗ ಪ್ರತಿ ಸಂಜೆ ಮಾಡುತ್ತಿರುವುದು ಅದನ್ನೇ. ಸ್ಕ್ಯಾನ್ ಆಯಿತೆಂದು ಮೂಲವನ್ನು ಎಸೆಯಬೇಡಿರಿ: ಹಾರ್ಡ್ ಡಿಸ್ಕು ಕೆಟ್ಟರೆ ಕಣ್ಣಿಗೆ ಏನೂ ಕಾಣದು, ನೆಗೆಟಿವ್ ಎಷ್ಟೇ ಮಾಸಿದರೂ ಕಿಟಕಿಗೆ ಹಿಡಿದರೆ ಅಲ್ಲಿ ಒಬ್ಬ ಮನುಷ್ಯ ನಿಂತಿರುತ್ತಾನೆ.

ಇಷ್ಟು ಸ್ಪಷ್ಟವಾದ ಮೇಲೆ ಕ್ಯಾಮೆರಾಗಳ ನಿರ್ಣಯ ಕಷ್ಟವಾಗಲಿಲ್ಲ. ಕ್ಲಿಕ್ III ನಮ್ಮಲ್ಲಿಯೇ ಉಳಿಯುತ್ತದೆ. ವರುಷಕ್ಕೊಂದು ರೀಲು, ಅದರಲ್ಲೊಂದು ಚಿತ್ರ ಕುರುಗೋಡಿನ ತೇರಿಗೆ ಎಂಬ ಕರಾರಿನ ಮೇಲೆ. ಯಾಶಿಕಾವನ್ನು ರಿಪೇರಿ ಬಲ್ಲ ಒಬ್ಬರಿಗೆ ಬಿಡಿಭಾಗಗಳಿಗಾಗಿ ಕೊಟ್ಟುಬಿಡುತ್ತೇನೆ. ಅದರ ಗಾಜು ಇನ್ನೊಂದು ಯಾಶಿಕಾದಲ್ಲಿ ಬದುಕಲಿ. ಮನಸ್ಸು ಬಹಳ ಹೊಯ್ದಾಡಿದ್ದು ನೈಕಾನಿನ ವಿಷಯದಲ್ಲಿ. ಮೂರರಲ್ಲಿ ಉತ್ತಮವಾದುದು, ದೋಷರಹಿತವಾಗಿ ನಡೆಯುವುದು ಅದೇ. ಕೆಟ್ಟದ್ದನ್ನು ಕೊಟ್ಟು ಒಳ್ಳೆಯದನ್ನು ಇಟ್ಟುಕೊಳ್ಳಬೇಕೆಂದು ಮಮತೆ ಹೇಳುತ್ತಿದ್ದಿತು. ಆದರೆ ನಾನು ಅದನ್ನು ಇನ್ನು ಕೊರಳಿಗೆ ಹಾಕಿಕೊಳ್ಳುವವನಲ್ಲ. ನಡೆಯಬಲ್ಲ ಯಂತ್ರವನ್ನು ನಡೆಸದೆ ಕೊಲ್ಲುವ ಹಕ್ಕು ನನಗಿಲ್ಲವೆಂದು ತೋರಿತು.

ಕಳೆದ ಭಾನುವಾರ, ಪಕ್ಕದ ಬೀದಿಯಲ್ಲಿ ಬಾಡಿಗೆಗಿದ್ದು ಓದುತ್ತಿರುವ ಸಿರುಗುಪ್ಪದ ಕಡೆಯ ಹುಡುಗಿಯೊಬ್ಬಳು ಬಂದಿದ್ದಳು. ನೈಕಾನನ್ನು ಅವಳಿಗೆ ಕೊಟ್ಟು, ರೀಲಿನ ನಾಲಗೆಯನ್ನು ಸುರುಳಿಗೆ ಸಿಕ್ಕಿಸುವುದನ್ನೂ, ಎಡಗಡೆಯ ಹಿಡಿಯು ತಿರುಗುತ್ತಿದೆಯೇ ಎಂದು ನೋಡಿ ರೀಲು ಸರಿಯಾಗಿ ಕೂತಿದೆಯೆಂದು ಅರಿಯುವುದನ್ನೂ ತೋರಿಸಿಕೊಟ್ಟೆನು. ಮಾಳಿಗೆಗೆ ಹೋಗಿ, ಸಂಜೆಯ ಬೆಳಕಿನಲ್ಲಿ ಕೋಟೆಯ ಗುಡ್ಡದ ಕಡೆಗೆ ಕ್ಯಾಮೆರಾ ತಿರುಗಿಸಿ ಮೊದಲ ಚಿತ್ರವನ್ನು ತೆಗೆದಳು. ತೆಗೆದೊಡನೆ ಅಭ್ಯಾಸಬಲದಿಂದ ಕ್ಯಾಮೆರಾದ ಬೆನ್ನನ್ನು ನೋಡಿದಳು, ಅಲ್ಲಿ ಏನೂ ಇರಲಿಲ್ಲ.

“ಮೂವತ್ತಾರು ಆದಮ್ಯಾಲೆ ಏನ್ ಮಾಡ್ಬೇಕ್ರಿ ಸಾರ್?” ಎಂದು ಕೇಳಿದಳು.

“ಬೆಂಗಳೂರಿಗೆ ಕಳಿಸಿ ತೊಳೆಸಮ್ಮ. ಅವರು ಸ್ಕ್ಯಾನ್ ಮಾಡಿ ಮೊಬೈಲಿಗೆ ಹಾಕ್ತಾರ. ನೆಗೆಟಿವ್ ಮಾತ್ರ ವಾಪಸ್ ಕೇಳಿ ತಗೋ; ಕೇಳದಿದ್ರೆ ಎಷ್ಟೋ ಕಡೆ ಕಸಕ್ಕ ಹಾಕಿಬಿಡ್ತಾರ” ಎಂದೆನು.